ಕಾಗದ ತೆಗೆದು ತಂದ ಹೂವು

ಮೂರು ಗುರುವಾರದಿಂದ ನನ್ನ ಮಗಳು ಹೂವನ್ನು ಕಾಗದ ತೆಗೆದು ತರುತ್ತಿದ್ದಾಳೆ.

ಅದರಲ್ಲೇನು ದೊಡ್ಡ ವಿಷಯ ಅಂತ ನಿಮಗೆ ಕಾಣಬಹುದು. ಹೇಳುತ್ತೇನೆ. ಇಲ್ಲಿ ದುಬೈಯ ಕರಾಮದಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗೆ ಮುನೀರ್ ಸಾಹೇಬರ ಗ್ರೋಸರಿ ಇದೆ. ಭಟ್ಕಳದವರು, ಒಳ್ಳೆಯ ಜನ, ತೂಕದಲ್ಲಿ ಮೋಸ ಇಲ್ಲ. ಗುರುವಾರ ಗುರುವಾರ ಅವರಿಗೆ ಊರಿನಿಂದ ವಿಮಾನದಲ್ಲಿ ಮಲ್ಲಿಗೆ ಬರುತ್ತದೆ. ಬಾಳೆನಾರಿನಲ್ಲಿ ಕಟ್ಟಿದ ಚೆಂಡು, ಅದಕ್ಕೆ ಬಾಳೆಲೆ, ಎಲೆಯ ಮೇಲೆ ಊರಿನ ಕನ್ನಡ ಪೇಪರು. ಮಗಳು ವನಿತಾ ದೇವರಿಗೆಂದು ಒಂದು ಚೆಂಡು ತರುತ್ತಾಳೆ. ದೇವರಿಗೆ ಹೂವು, ನನಗೆ ಕಾಗದ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

ಒದ್ದೆ ಕಾಗದವನ್ನು ಟೇಬಲಿನ ಮೇಲೆ ಹರಡಿ, ಅಂಗೈಯಲ್ಲಿ ಉಜ್ಜಿ, ಫ್ಯಾನಿನ ಕೆಳಗೆ ಒಣಗಿಸಿ ಓದುತ್ತೇನೆ. ನಾನು ಎರಡನೇ ಕ್ಲಾಸು. ಒಂದು ಸಾಲು ಓದಲಿಕ್ಕೆ ಇತರರು ಒಂದು ಪುಟ ಓದುವಷ್ಟು ಹೊತ್ತು ಬೇಕು. ಆದರೆ ಬಿಡುವುದಿಲ್ಲ. ಅಡಿಕೆ ಧಾರಣೆ, ಹಸು ಮಾರಾಟ, ವಧು ಬೇಕಾಗಿದ್ದಾಳೆ, ಎಲ್ಲ ಓದುತ್ತೇನೆ. ಸತ್ತವರ ಪುಟ ಬಂದರೆ ಅದನ್ನು ಮೊದಲು. ನಮ್ಮ ಕಡೆಯ ಪೇಪರಿನಲ್ಲಿ ಸತ್ತವರದ್ದು ಫೋಟೋ ಸಮೇತ ಹಾಕುತ್ತಾರೆ, ಮದುವೆಗೆ ನಿಂತವರ ಹಾಗೆ ಕಾಣುತ್ತಾರೆ. ನಾನು ಓದಿ ಹೇಳುತ್ತಿದ್ದೆ, ಕಾಣು ವನಿತಾ, ಆ ಬಸ್ಸಿನ ಏಜೆಂಟು ಹೋದ, ಬದುಕಿದ್ದಾಗ ಒಮ್ಮೆಯೂ ಚಿಲ್ಲರೆ ಸರಿ ಕೊಟ್ಟವನಲ್ಲ ಅಂತ. ಅವಳು ಅಮ್ಮಾ, ಸತ್ತವರನ್ನಾದರೂ ಬಿಡಿ ಅನ್ನುತ್ತಿದ್ದಳು. ಮೊಮ್ಮಗಳು ಅದಿತಿಗೆ ಹದಿನೇಳು ವರ್ಷ, ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅಜ್ಜೀ, ಇಟ್ಸ್ ಓಲ್ಡ್ ನ್ಯೂಸ್ ಅನ್ನುತ್ತಿದ್ದಳು. ಹಳೇ ಸುದ್ದಿ ಅಂತೆ. ಸುದ್ದಿ ಹಳೆಯದಾಗುವುದು ಓದಿದ ಮೇಲೆ. ಅಲ್ಲಿವರೆಗೆ ಅದು ಕಾದು ಕೂತಿರುತ್ತದೆ.

ಈಗ ಮೂರು ವಾರದಿಂದ ಹೂವು ಸ್ಟೀಲಿನ ತಟ್ಟೆಯಲ್ಲಿ ಬರುತ್ತಿದೆ. ಕಾಗದ ಇಲ್ಲ. ಕೇಳಿದರೆ, ಒದ್ದೆಯಾಗಿ ಹರಿದು ಹೋಗಿತ್ತಮ್ಮ, ಅಲ್ಲೇ ಬಿಸಾಡಿದೆ ಅನ್ನುತ್ತಾಳೆ.

ಮೂರು ವಾರದಿಂದಲೇ ನನ್ನ ತಮ್ಮ ಭಾಸ್ಕರನ ಫೋನೂ ಇಲ್ಲ.

ಭಾಸ್ಕರ ನನಗಿಂತ ಏಳು ವರ್ಷಕ್ಕೆ ಚಿಕ್ಕವನು. ಕುಂದಾಪುರದ ಹತ್ತಿರ ನಮ್ಮ ಹಳೇ ಊರಲ್ಲೇ ಮಗ ಸೊಸೆಯ ಜೊತೆ ಇದ್ದಾನೆ. ಪ್ರತಿ ಶುಕ್ರವಾರ ಸಂಜೆ ಫೋನು ಮಾಡುತ್ತಾನೆ. ಮೊದಲು ಇಲ್ಲಿ ಶುಕ್ರವಾರ ರಜೆ ಇತ್ತು, ಆಮೇಲೆ ಸರಕಾರದವರು ರಜೆಯನ್ನು ಭಾನುವಾರಕ್ಕೆ ತಂದರು. ಭಾಸ್ಕರ ಒಪ್ಪಲಿಲ್ಲ, ಅವನದ್ದು ಶುಕ್ರವಾರವೇ. ಮಾತು ಎಂತದ್ದೂ ಇಲ್ಲ. ಊಟ ಆಯಿತಾ, ಯಾವ ಮೀನು, ಎಷ್ಟು ಕೊಟ್ಟೆ. ಎಷ್ಟು ಕೊಟ್ಟೆ ಅಂತ ಹೇಳಿದರೆ, ಅಯ್ಯೋ ನಿನ್ನ ತಲೆ ಬೋಳಿಸಿದರು ಅನ್ನುತ್ತಾನೆ. ಪ್ರತಿ ಸಲ ನನ್ನ ತಲೆ ಬೋಳಿಸಿದ್ದಾರೆ ಅಂತ ಹೇಳಿ ಸಂತೋಷದಲ್ಲಿ ಫೋನಿಡುತ್ತಾನೆ.

ಮೊದಲ ಶುಕ್ರವಾರ ಫೋನು ಬರದಿದ್ದಾಗ ವನಿತಾ, ಮಾವನ ಫೋನು ಬಾವಿಕಟ್ಟೆಯಲ್ಲಿ ನೀರಿಗೆ ಬಿತ್ತಂತೆ ಅಂದಳು. ಎರಡನೇ ಶುಕ್ರವಾರ, ರಿಪೇರಿಗೆ ಕೊಟ್ಟಿದ್ದಾರಂತೆ. ಅವನ ಮಗನ ಫೋನಿನಲ್ಲಿ ಮಾಡಲಿ ಅಂದೆ. ಅವನಿಗೆ ಕೆಲಸ ಜಾಸ್ತಿ ಅಮ್ಮ. ಅದಿತಿಯನ್ನು ಕೇಳಿದೆ. ಅವಳು, ಅಮ್ಮನ್ನೇ ಕೇಳಿ ಅಜ್ಜಿ ಅಂದಳು, ಕನ್ನಡದಲ್ಲಿ. ಆ ಹುಡುಗಿ ಯಾರೂ ಹೇಳದೇ ಕನ್ನಡದಲ್ಲಿ ಉತ್ತರ ಕೊಟ್ಟದ್ದು ನಾನು ಕಂಡದ್ದು ಅದೇ ಮೊದಲು.

ನನ್ನ ಎದೆಗೆ ಎರಡು ತಿಂಗಳ ಹಿಂದೆ ಸ್ಟೆಂಟು ಹಾಕಿದ್ದಾರೆ. ಡಾಕ್ಟರು ವನಿತಾಳನ್ನು ಹೊರಗೆ ಕರೆದು ಏನೋ ಹೇಳಿದ್ದರು. ಏನು ಹೇಳಿರಬಹುದು ಅಂತ ತಿಳಿಯಲಿಕ್ಕೆ ಎರಡನೇ ಕ್ಲಾಸು ಸಾಕು.

ಈ ಗುರುವಾರ ಅವಳು ಆಫೀಸಿನಿಂದ ಬರುವ ಮೊದಲೇ ನಾನು ಲಿಫ್ಟಿನಲ್ಲಿ ಇಳಿದು ಗ್ರೋಸರಿಗೆ ಹೋದೆ. ಹೂವು ಬಂದಿತ್ತು. ಮುನೀರ್ ಸಾಹೇಬರು ಎಲೆ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಲು ಹೊರಟರು. ಕಾಗದದಲ್ಲೇ ಕೊಡಿ ಅಂದೆ. ಅವರ ಕೈ ನಿಂತಿತು. ಅವರು ಸುಳ್ಳು ಹೇಳಿ ಅಭ್ಯಾಸ ಇಲ್ಲದವರು, ಕುತ್ತಿಗೆಯೆಲ್ಲ ಕೆಂಪಾಯಿತು.

"ನಿಮ್ಮ ಮಗಳು ಬೇಡ ಅಂದಿದ್ದಾರಮ್ಮ. ನೀವು ಅವರನ್ನೇ ಕೇಳಿ."

ಕೌಂಟರಿನ ಹಿಂದೆ ಕಾಗದ ಮಡಚಿ ಇಟ್ಟದ್ದು ನನಗೆ ಕಾಣುತ್ತಿತ್ತು. ಮೂರು ಹೆಜ್ಜೆ. ಕೈ ಹಾಕಿ ಎಳೆದುಕೊಂಡಿದ್ದರೆ ಅವರು ತಡೆಯುತ್ತಿರಲಿಲ್ಲ. ನಾನು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಮೇಲೆ ಬಂದೆ. ಯಾಕೆ ಎಳೆದುಕೊಳ್ಳಲಿಲ್ಲ ಅಂತ ನಿಮಗೆ ಹೇಳಬೇಕಾದರೆ ಬಹಳ ಹಿಂದೆ ಹೋಗಬೇಕು. ಅದೂ ಒಂದು ಕಾಗದದ್ದೇ ಕಥೆ.

ಇಸವಿ ನನಗೆ ಗೊತ್ತಿಲ್ಲ. ಆಣೆ ಕಾಸು ನಡೆಯುತ್ತಿದ್ದ ಕಾಲ. ಬ್ರಿಟಿಷರು ಹೋಗಿಯಾಗಿತ್ತು, ನಮ್ಮ ಕೇರಿಗೆ ಅದರಿಂದ ವ್ಯತ್ಯಾಸ ಎಂತದ್ದೂ ಆಗಿರಲಿಲ್ಲ. ನನಗೆ ಹತ್ತು ವರ್ಷ. ಎರಡನೇ ಕ್ಲಾಸು ಮುಗಿಸಿ ಬಿಡಿಸಿದ್ದರು, ಭಾಸ್ಕರನನ್ನು ನೋಡಿಕೊಳ್ಳಲಿಕ್ಕೆ. ಅವನಿಗೆ ಮೂರು ವರ್ಷ, ಮೂಗು ಸದಾ ಸೋರುತ್ತಿತ್ತು, ಅವನು ನನ್ನ ಸೊಂಟದ ಮೇಲೇ ಬೆಳೆದದ್ದು. ಅಬ್ಬಿ, ಅಂದರೆ ನಮ್ಮಮ್ಮ, ಬೀಡಿ ಕಟ್ಟುತ್ತಿದ್ದಳು. ಅಪ್ಪಯ್ಯ ಮಂಜಿಯ ಖಲಾಸಿ. ಮಂಜಿ ಅಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ಹಡಗು. ಮಂಗಳೂರಿನಲ್ಲಿ ಹಂಚು ಹೇರಿಕೊಂಡು ಬೊಂಬಾಯಿ, ಅಲ್ಲಿಂದ ಅರಬರ ದೇಶ, ಬರುವಾಗ ಖರ್ಜೂರ. ಮಳೆಗಾಲ ಮುಗಿದ ಮೇಲೆ ಹೋದರೆ ಇನ್ನೊಂದು ಮಳೆಗಾಲ ಹಿಡಿಯುವ ಮೊದಲು ಬರಬೇಕು. ನಡುವೆ ಕಾಗದ ಪತ್ರ ಇಲ್ಲ. ಅಪ್ಪಯ್ಯನಿಗೂ ಬರೆಯಲಿಕ್ಕೆ ಬಾರದು, ಅಬ್ಬಿಗೂ ಓದಲಿಕ್ಕೆ ಬಾರದು, ಹಾಗಾಗಿ ತೊಂದರೆ ಇರಲಿಲ್ಲ.

ಆಗ ಸುದ್ದಿ ಅಂದರೆ ಹೀಗೆ ಎಂಟು ದಿಕ್ಕಿನಿಂದ ಮೇಲೆ ಬೀಳುವುದಲ್ಲ. ಪೇಟೆಯ ಹೋಟೆಲಿನಲ್ಲಿ ಒಂದು ರೇಡಿಯೋ ಇತ್ತು. ವಾರ್ತೆಯ ಹೊತ್ತಿಗೆ ಗಂಡಸರು ರಸ್ತೆಯಲ್ಲಿ ನಿಂತು ಕೇಳುತ್ತಿದ್ದರು. ಒಂದಾಣೆ ಕೊಟ್ಟು ಕಾಫಿ ಕುಡಿಯದೆ ದೇಶದ ಸುದ್ದಿ ಕೇಳುತ್ತಾರಲ್ಲ ಅಂತ ಹೋಟೆಲಿನವರಿಗೆ ಹೊಟ್ಟೆಯುರಿ, ಜನ ಸೇರಿದ ಕೂಡಲೇ ಶಬ್ದ ಸಣ್ಣ ಮಾಡುತ್ತಿದ್ದರು. ಹಾಗಾಗಿ ನಮ್ಮ ಊರಿಗೆ ದೆಹಲಿಯ ಸುದ್ದಿ ಯಾವಾಗಲೂ ಅರ್ಧವೇ ಬರುತ್ತಿತ್ತು. ಇನ್ನರ್ಧ ನಮ್ಮವರು ಸೇರಿಸಿಕೊಳ್ಳುತ್ತಿದ್ದರು.

ನನ್ನ ಸುದ್ದಿ ಬರುತ್ತಿದ್ದದ್ದು ಮಾಧಣ್ಣನ ಅಂಗಡಿಯಿಂದ. ಮಾಧಣ್ಣ ಹಳೇ ಪೇಪರುಗಳನ್ನು ವಕೀಲರ ಮನೆಯಿಂದ ತೂಕದಲ್ಲಿ ತರುತ್ತಿದ್ದ. ಬೆಳಿಗ್ಗೆ ಅಂಗಡಿ ತೆಗೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಮೊದಲು ಮಾಡುವ ಕೆಲಸ ಒಂದೊಂದು ಹಾಳೆಯನ್ನು ಮಡಚಿ ನಾಲ್ಕು ತುಂಡು ಮಾಡುವುದು. ಕಾಲು ಹಾಳೆಗೆ ಒಂದು ಪೊಟ್ಟಣ. ನಾನು ಮನೆಗೆ ಬಂದ ಪ್ರತಿ ಪೊಟ್ಟಣವನ್ನೂ ಬಿಚ್ಚಿ ಓದುತ್ತಿದ್ದೆ. ಶಾಲೆ ಬಿಟ್ಟ ಮೇಲೂ ಅಕ್ಷರ ಮರೆಯದೇ ಉಳಿದದ್ದು ಬೆಲ್ಲ, ಜೀರಿಗೆ, ಒಣಮೆಣಸಿನಿಂದ. ಅದಕ್ಕೇ ಇರಬೇಕು, ನನ್ನ ಬಾಯಿ ಕೆಲವು ಸಲ ಸಿಹಿ, ಹೆಚ್ಚು ಸಲ ಖಾರ.

ಆ ವರ್ಷ ಮಳೆ ಹತ್ತಿರ ಬಂದಿತ್ತು. ಅಪ್ಪಯ್ಯ ಬಂದಿರಲಿಲ್ಲ. ಅಬ್ಬಿ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ಬೀಡಿ ಕಟ್ಟುವ ಕೈ ಮಾತ್ರ ಆಗಾಗ ನಿಲ್ಲುತ್ತಿತ್ತು. ಅಂಥ ಒಂದು ದಿನ ಬೆಲ್ಲದ ಪೊಟ್ಟಣ ಬಿಚ್ಚಿ ಓದಿದೆ. ಮಂಗಳೂರಿನಿಂದ ಹಂಚು ಹೇರಿಕೊಂಡು ಹೊರಟ ಮಂಜಿಯೊಂದು ದುಬೈ ಸಮೀಪ ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು, ಅದರಲ್ಲಿದ್ದ ಒಂಬತ್ತು ಮಂದಿ ಖಲಾಸಿಗಳ ಪೈಕಿ

ಅಷ್ಟೇ. ಅಲ್ಲಿಗೆ ಮಾಧಣ್ಣ ಹರಿದಿದ್ದ.

ದುಬೈ ಅನ್ನುವ ಹೆಸರನ್ನು ನಾನು ಜೀವನದಲ್ಲಿ ಮೊದಲ ಸಲ ಓದಿದ್ದು ಅಲ್ಲಿ, ಬೆಲ್ಲದ ಅಂಟಿನ ಕೆಳಗೆ. ಈಗ ಅದೇ ಹೆಸರು ಇಲ್ಲಿಯ ಗುರುತಿನ ಕಾರ್ಡಿನ ಮೇಲೆ, ಎಮಿರೇಟ್ಸ್ ಐಡಿಯ ಮೇಲೆ, ನನ್ನ ಪರ್ಸಿನಲ್ಲಿದೆ. ಅದಕ್ಕೇನು ಮಾಡುವುದು.

ಪೈಕಿ ಅಂದ ಮೇಲೆ ಒಂದು ಲೆಕ್ಕ ಇರಲೇಬೇಕು ಅಂತ ನನಗೆ ಗೊತ್ತಿತ್ತು. ಕಾಗದವನ್ನು ಮಡಚಿ ಲಂಗದ ನೆರಿಗೆಯೊಳಗೆ ಸಿಕ್ಕಿಸಿದೆ. ಅಬ್ಬಿಗೆ ಹೇಳಲಿಲ್ಲ. ಭಾಸ್ಕರನನ್ನು ಸೊಂಟಕ್ಕೇರಿಸಿ ಅಂಗಡಿಗೆ ಓಡಿದೆ. ಮಾಧಣ್ಣಾ, ಇವತ್ತಿನ ಪೇಪರಿನ ಉಳಿದ ತುಂಡು ಎಲ್ಲಿ ಅಂತ ಕೇಳಿದರೆ ಅವನು ಕೊಡುವವನಲ್ಲ. ಕಾಗದವೂ ಅವನಿಗೆ ದುಡ್ಡೇ. ನನ್ನ ಹತ್ತಿರ ಎರಡಾಣೆ ಇತ್ತು. ಗದ್ದೆ ಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿಗೆಂದು ಆರು ತಿಂಗಳು ಗೇರುಬೀಜ ಹೆಕ್ಕಿ ಮಾಡಿದ ದುಡ್ಡು. ನೆಲದ ಮೇಲೆ ಕೂರಲಿಕ್ಕೆ ಎರಡಾಣೆ, ಬೆಂಚಿಗೆ ನಾಲ್ಕಾಣೆ. ಇನ್ನೆರಡು ದಿನಕ್ಕೆ ಡೇರೆ ಎತ್ತುವವರಿದ್ದರು. ಅವತ್ತೇ ಎತ್ತಿನಗಾಡಿಗೆ ಬಣ್ಣದ ಚಿತ್ರ ಕಟ್ಟಿ, ಬ್ಯಾಂಡು ಬಾರಿಸಿ, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಎಸೆಯುತ್ತ ಹೋಗುತ್ತಿದ್ದರು. ಕೇರಿಯ ಮಕ್ಕಳೆಲ್ಲ ಗಾಡಿಯ ಹಿಂದೆ. ನಾನು ಒಬ್ಬಳು ಅಂಗಡಿಯ ಕಟ್ಟೆ ಹತ್ತಿದೆ.

ಮೂರು ಕಾಸಿನ ಜೀರಿಗೆ ಕೊಡು ಅಂದೆ. ಕೊಟ್ಟ. ಅಲ್ಲೇ ಬಿಚ್ಚಿ ನೋಡಿದೆ, ಯಾರದೋ ಭಾಷಣ. ಮೂರು ಕಾಸಿನ ಸಾಸಿವೆ. ಕೂದಲೆಣ್ಣೆಯ ಜಾಹೀರಾತು. ಮೂರು ಕಾಸಿನ ಕೊತ್ತಂಬರಿ ಬೀಜ. ಕೋರ್ಟಿನ ನೋಟೀಸು. ಕಾಳುಮೆಣಸನ್ನು ಎಲೆಯಲ್ಲಿ ಕಟ್ಟಲು ಹೊರಟ, ಬೇಡ ಬೇಡ ಕಾಗದದಲ್ಲೇ ಅಂದೆ. ಎಂಟು ಪೊಟ್ಟಣ ಆಯಿತು, ಎರಡಾಣೆ ಮುಗಿಯಿತು. ಸೊಂಟದಲ್ಲಿದ್ದ ಭಾಸ್ಕರ ಸಾಸಿವೆಯನ್ನು ಮೂಗಿಗೆ ಹಾಕಿಕೊಂಡು ಕೂಗತೊಡಗಿದ. ಮಾಧಣ್ಣ ತಕ್ಕಡಿ ಕೆಳಗಿಟ್ಟ.

"ಹೆಣೆ, ನಿಂಗ್ ಸಾಮಾನ್ ಬೇಕಾ, ಕಾಗ್ದ ಬೇಕಾ?"

ನಾನು ಲಂಗದೊಳಗಿನ ತುಂಡು ತೆಗೆದು ತೋರಿಸಿದೆ. ಅವನು ಓದಲಿಲ್ಲ, ಹರಿದ ಅಂಚು ಮಾತ್ರ ನೋಡಿದ. ಅಂಗಡಿಯವನ ತಲೆ ಹಾಗೆ. ಯಾವ ಮನೆಗೆ ಯಾವ ಪೊಟ್ಟಣ ಹೋಯಿತು ಅನ್ನುವುದು ಅವನಿಗೆ ಬರೆದಿಡದೆ ನೆನಪಿರುತ್ತಿತ್ತು. ಬೆಳಿಗ್ಗೆ ನಿನ್ನ ಹಿಂದೆಯೇ ದಾರು ಬಂದಿದ್ದಳು, ಇದರ ಕೆಳಗಿನ ತುಂಡಿನಲ್ಲಿ ಅವಳಿಗೆ ಚಾಪುಡಿ ಕಟ್ಟಿದ್ದೆ, ಅಲ್ಲಿ ಹೋಗಿ ಕೇಳು ಅಂದ.

ದಾರಕ್ಕ ನಮ್ಮ ಪಕ್ಕದ ಮನೆಯವಳು. ಅವಳ ಗಂಡ ಸೋಮಣ್ಣನೂ ಅಪ್ಪಯ್ಯನ ಮಂಜಿಯಲ್ಲೇ ಖಲಾಸಿಯಾಗಿದ್ದ. ನಮ್ಮ ಊರಿನಿಂದ ಹೋಗುತ್ತಿದ್ದವರು ಅವರಿಬ್ಬರೇ, ಉಳಿದವರೆಲ್ಲ ಬೇರೆ ಬೇರೆ ಊರಿನವರು. ಭಾಸ್ಕರ ಹುಟ್ಟಿದ ವರ್ಷ ಅಪ್ಪಯ್ಯ ಒಬ್ಬನೇ ತಿರುಗಿ ಬಂದಿದ್ದ. ಸೋಮಣ್ಣನಿಗೆ ಬೊಂಬಾಯಿಯ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ನಿಂತ ಅಂದಿದ್ದ. ಆಮೇಲೆ ವರ್ಷಕ್ಕೊಂದು ಸೀರೆ, ಸೋಮ ಕೊಟ್ಟು ಕಳಿಸಿದ ಅಂತ ಅಪ್ಪಯ್ಯನ ಕೈಯಲ್ಲಿ ಬರುತ್ತಿತ್ತು. ಆ ಸೀರೆಯ ದಿನ ನಮ್ಮ ಮನೆಯಲ್ಲಿ ಅಬ್ಬಿಯ ಮುಖ ಸಿಂಡರಿಸಿರುತ್ತಿತ್ತು. ಪಕ್ಕದ ಮನೆಗೆ ಗಂಡ ಸೀರೆ ಹಿಡಿದುಕೊಂಡು ಹೋಗುವುದನ್ನು ನೋಡಿದರೆ ಯಾವ ಹೆಂಗಸಿಗೂ ಹಾಗೆಯೇ ಆಗುವುದು. ಕೇರಿಯಲ್ಲೂ ಒಂದೆರಡು ಮಾತು ಓಡಾಡುತ್ತಿತ್ತು.

ನಾನು ಹೋದಾಗ ದಾರಕ್ಕ ಒಲೆಯ ಮುಂದೆ ಕೂತಿದ್ದಳು. ದೊಡ್ಡ ಕುಂಕುಮ, ಬಾಯಿ ತುಂಬ ಎಲೆಯಡಿಕೆ. ಚಾಪುಡಿಯ ಕಾಗದ ಎಲ್ಲಿ ಅಂತ ಕೇಳಿದೆ.

"ಅದಾ? ಒಲಿಗ್ ಹಾಕ್ದೆ. ಸೌದಿ ಹಸಿ ಇತ್ತ್. ಎಂತಕ್ ಹೆಣೆ, ಅದ್ರಗ್ ಎಂತ ಇತ್ತ್?"

ಎಂತದ್ದೂ ಇಲ್ಲ ಅಂದೆ. ಒಲೆಯನ್ನೇ ನೋಡುತ್ತ ನಿಂತೆ. ಅವಳು ಅದನ್ನು ಹಸಿವು ಅಂದುಕೊಂಡು ಕೂರಿಸಿದಳು. ಆ ಕಾಗದದ ಉರಿಯಲ್ಲಿ ಹತ್ತಿದ ಬೆಂಕಿ, ಆ ಬೆಂಕಿಯಲ್ಲಿ ಕುದಿದ ಚಾ, ಅರ್ಧ ಲೋಟ ನನಗೂ ಕೊಟ್ಟಳು. ಬೆಲ್ಲ ಹೆಚ್ಚು ಹಾಕಿದ್ದಳು. ನಾನು ಕುಡಿದೆ. ಒಲೆಯ ಬಾಯಲ್ಲಿ ಕಾಗದದ ಬೂದಿ ಒಂದು ಚೂರು ಇನ್ನೂ ಅಕ್ಷರದ ಗುರುತು ಇಟ್ಟುಕೊಂಡು ನಿಂತಿತ್ತು. ಬಗ್ಗಿ ಓದಲು ನೋಡಿದೆ. ಅವಳು ಊದಿದಳು, ಅದು ಹೋಯಿತು.

ಮನೆಗೆ ಬಂದರೆ ಅಬ್ಬಿ ಬಾಗಿಲಲ್ಲಿ. ಎಂಟು ಪೊಟ್ಟಣ ನೋಡಿದಳು. ಮೀನಿಗೆ ಉಪ್ಪಿಲ್ಲದ ಮನೆಗೆ ಮೂರು ಕಾಸಿನ ಲವಂಗ. ಅಂಗಳ ಗುಡಿಸುವ ಹಿಡಿಸೂಡಿ ತೆಗೆದುಕೊಂಡಳು. ಎರಡು ಪೆಟ್ಟು ಬಿದ್ದ ಮೇಲೆ ನಾನು ಕಾಗದವನ್ನು ಅವಳ ಮುಂದೆ ಎಸೆದು, ಮಂಜಿ ಮುಳುಗಿದೆ ಅಂದೆ.

ಹಿಡಿಸೂಡಿ ಅವಳ ಕೈಯಲ್ಲೇ ನಿಂತಿತು. ಓದು ಅಂದಳು. ಓದಿದೆ. ಪೈಕಿ ಅನ್ನುವಲ್ಲಿಗೆ ನಿಲ್ಲಿಸಿದೆ. ಮುಂದೆ ಅಂದಳು. ಇಲ್ಲ ಅಂದೆ. ಹೊರಗೆ ಸಿನೆಮಾದ ಗಾಡಿಯ ಬ್ಯಾಂಡು ಪೇಟೆಯ ಕಡೆಗೆ ಹೋಗುತ್ತಿತ್ತು. ಅದು ಪೂರ್ತಿ ಕೇಳದಾಗುವವರೆಗೆ ಅವಳು ಹಾಗೇ ನಿಂತಿದ್ದಳು. ಆಮೇಲೆ ಕೂತಳು. ಕೂತು ಕೇಳಿದ್ದು ನನಗೆ ಇವತ್ತಿಗೂ ಆಶ್ಚರ್ಯ.

"ಇದ್ರ ಹಿಂದ್ ಬದಿಗ್ ಎಂತ ಇತ್ತ್?"

ತಿರುಗಿಸಿದೆ. ಪೇಟೆ ಧಾರಣೆ. ಅಕ್ಕಿ ಮುಡಿಗೆ ಇಷ್ಟು, ಕೊಬ್ಬರಿ ಇಷ್ಟು, ತೆಂಗಿನಕಾಯಿ ನೂರಕ್ಕೆ ಹದಿನೆಂಟು ರೂಪಾಯಿ. ಇನ್ನೊಮ್ಮೆ ಓದು ಅಂದಳು. ತೆಂಗಿನಕಾಯಿ ನೂರಕ್ಕೆ ಹದಿನೆಂಟು.

"ಇದ್ ಈ ವರ್ಷದ್ದಲ್ಲ. ಕಾಯಿಗ್ ಹದ್ನೆಂಟ್ ಇದ್ದದ್ ಭಾಸ್ಕರ ಹುಟ್ಟಿದ್ ವರ್ಷ."

ಅಬ್ಬಿಗೆ ಒಂದಕ್ಷರ ಬಾರದು. ಆದರೆ ಯಾವ ವರ್ಷ ಯಾವುದಕ್ಕೆ ಎಷ್ಟಿತ್ತು ಅನ್ನುವುದು ಎಲ್ಲ ಹೆಂಗಸರ ಹಾಗೆ ಅವಳಿಗೂ ಕಂಠಪಾಠ. ನಮ್ಮ ಕೇರಿಯಲ್ಲಿ ಯಾರಿಗೂ ಹುಟ್ಟಿದ ತಾರೀಕು ಇರಲಿಲ್ಲ, ಧಾರಣೆ ಇತ್ತು. ನಾನು ಅಕ್ಕಿ ರೇಶನ್ನಿಗೆ ಹೋದ ವರ್ಷದವಳು. ಭಾಸ್ಕರ ಕಾಯಿ ಹದಿನೆಂಟರವನು. ಬಾಣಂತಿಗೆ ಪದಾರ್ಥ ಮಾಡಲಿಕ್ಕೂ ಇಟ್ಟುಕೊಳ್ಳದೆ ನಮ್ಮ ಎರಡು ಮರದ ಕಾಯಿಯನ್ನೆಲ್ಲ ಮಾರಿ ಸೂಲಗಿತ್ತಿಗೆ ಕೊಟ್ಟಿದ್ದಳಂತೆ. ಅದನ್ನು ಮರೆಯುವುದು ಹೇಗೆ.

ನನಗೆ ಮೊದಲು ಸಂತೋಷವಾಯಿತು. ಮೂರು ವರ್ಷ ಹಳೇ ಪೇಪರು, ವಕೀಲರ ಅಟ್ಟದ್ದು. ಅಪ್ಪಯ್ಯ ಮುಳುಗಿಲ್ಲ. ಅಬ್ಬಿಯ ಮುಖ ನೋಡಿದೆ, ಅಲ್ಲಿ ಸಂತೋಷ ಇರಲಿಲ್ಲ. ಅವಳು ಗೋಡೆಯ ಆಚೆ, ದಾರಕ್ಕನ ಮನೆಯ ಕಡೆ ನೋಡುತ್ತಿದ್ದಳು. ನಿಧಾನವಾಗಿ ನನಗೂ ಹೊಳೆಯಿತು. ಭಾಸ್ಕರ ಹುಟ್ಟಿದ ವರ್ಷ ಅಪ್ಪಯ್ಯ ಎರಡು ತಿಂಗಳು ತಡವಾಗಿ, ಕೈಬೀಸಿಕೊಂಡು ಬಂದಿದ್ದ. ಪೆಟ್ಟಿಗೆ ಎಲ್ಲಿ ಅಂದರೆ ಬೊಂಬಾಯಿಯಲ್ಲಿ ಕಳ್ಳರು ಕದ್ದರು ಅಂದಿದ್ದ. ಅದೇ ವರ್ಷ ಸೋಮಣ್ಣ ಬೊಂಬಾಯಿಯಲ್ಲಿ ನಿಂತದ್ದು.

ಅಬ್ಬಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಯಾರಿಗೂ ಓದಿ ಹೇಳಬೇಡ ಅಂದಳು. ಮರುದಿನ ಬೆಳಿಗ್ಗೆ ಗಂಜಿಯ ಒಲೆ ಹೊತ್ತಿಸಿದ್ದು ಅದರಲ್ಲೇ. ಹಾಗೆ ಎರಡು ತುಂಡೂ ಅಕ್ಕಪಕ್ಕದ ಎರಡು ಒಲೆಗೆ ಹೋದವು. ಒಂಬತ್ತರ ಪೈಕಿ ಎಷ್ಟು ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ.

ಆದರೆ ಅದು ಮೂರು ವರ್ಷ ಹಿಂದಿನ ಸುದ್ದಿ. ಈ ವರ್ಷದ ಮಂಜಿ ಇನ್ನೂ ನೀರಿನ ಮೇಲೇ ಇತ್ತು. ಸಮುದ್ರ ಏಳಲು ಶುರುವಾಗಿತ್ತು, ದಡದ ದೋಣಿಗಳನ್ನೆಲ್ಲ ಮೇಲೆಳೆದು ತೆಂಗಿನ ಮಡಲು ಮುಚ್ಚಿಯಾಗಿತ್ತು. ಮೊದಲು ನಾವು ಬರೀ ತಡವಾಯಿತು ಅಂದುಕೊಂಡು ಕಾಯುತ್ತಿದ್ದೆವು. ಈಗ ಹಡಗು ಮುಳುಗುತ್ತದೆ ಅಂತ ಗೊತ್ತಿದ್ದವರ ಹಾಗೆ ಕಾದೆವು. ಹನ್ನೊಂದು ದಿನ. ಅಬ್ಬಿ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅದು ಹೊಡೆತಕ್ಕಿಂತ ಕೆಟ್ಟದ್ದು. ಬಾವಿಕಟ್ಟೆಯಲ್ಲಿ ದಾರಕ್ಕ ಸಿಕ್ಕಿದರೆ ಮೊದಲಿನ ಹಾಗೆ ಮುಖ ತಿ‍ರುಗಿಸದೆ ಅವಳ ಕೊಡಕ್ಕೂ ನೀರು ಸೇದಿ ಹಾಕುತ್ತಿದ್ದಳು. ದಾರಕ್ಕ, ಇದೇನು ಹೊಸತು ಅಂತ ನಕ್ಕಳು.

ಹನ್ನೆರಡನೇ ದಿನ, ಮಧ್ಯಾಹ್ನ, ಅಪ್ಪಯ್ಯ ಬಂದ. ಗಾಳಿಗೆ ಹಾಯಿ ಹರಿದು ಕಾರವಾರದಲ್ಲಿ ನಿಂತಿದ್ದರಂತೆ. ತಲೆಯ ಮೇಲೆ ತಗಡಿನ ಪೆಟ್ಟಿಗೆ, ಕೈಯಲ್ಲಿ ಖರ್ಜೂರದ ಬುಟ್ಟಿ. ಭಾಸ್ಕರ ಗುರುತು ಸಿಗದೆ ಅತ್ತ. ಅಬ್ಬಿ ಓಡಿ ಹೋಗಲಿಲ್ಲ, ಅಳಲಿಲ್ಲ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ. ಕಾಲಿಗೆ ನೀರು ಕೊಟ್ಟಳು, ಗಂಜಿ ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡ ಮೇಲೆ, ಸೌಟು ಕೈಯಲ್ಲೇ ಇಟ್ಟುಕೊಂಡು ಕೇಳಿದಳು.

"ಈ ಸಲ ಪೆಟ್ಗಿ ಯಾರೂ ಕದಿಲಿಲ್ಯಾ?"

ಅಪ್ಪಯ್ಯ ತಲೆ ಎತ್ತಿದ. ಅವಳನ್ನು ನೋಡಿದ, ನನ್ನನ್ನು ನೋಡಿದ. ಮೂರು ವರ್ಷ ಹೊತ್ತ ಮೂಟೆ ಅವನ ಮುಖದಲ್ಲಿ ಆಗ ಕಂಡಿತು ನನಗೆ. "ಇಲ್ಲೆ" ಅಂದ. ಅಬ್ಬಿ ಇನ್ನೊಂದು ಸೌಟು ಗಂಜಿ ಹಾಕಿದಳು. ಅವರಿಬ್ಬರು ಆ ವಿಷಯ ಮಾತಾಡಿದ್ದು ಅಷ್ಟೇ, ಸಾಯುವವರೆಗೆ.

ಪೆಟ್ಟಿಗೆಯಲ್ಲಿ ಎರಡು ಸೀರೆ ಇತ್ತು. ಸಂಜೆ ಅಪ್ಪಯ್ಯ ಹಸಿರು ಸೀರೆ ಹಿಡಿದು ಎದ್ದ. ಅಬ್ಬಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಹೊರಟಳು. ನಾನು ಹಿಂದೆ ಹೋದೆ. ನಮ್ಮ ಅಬ್ಬಿ ಸುಳ್ಳು ಹೇಳಿದ್ದನ್ನು ನಾನು ನೋಡಿರಲಿಲ್ಲ. ದೇವರಿಗೆ ಹರಕೆ ಹೇಳುವಾಗಲೂ ಆಗುವಷ್ಟೇ ಹೇಳುತ್ತಿದ್ದವಳು.

"ದಾರು, ನಿನ್ ಗಂಡ ಕಳ್ಸಿದ್ದ್" ಅಂದಳು.

ದಾರಕ್ಕ ಸೀರೆ ಬಿಡಿಸಿದಳು, ಸೆರಗು ನೋಡಿದಳು, ಬಹಳ ಹೊತ್ತು ನೋಡಿದಳು. ಅಬ್ಬಿಯ ಮುಖವನ್ನೂ ನೋಡಿದಳು. ಇಷ್ಟು ದಿನ ಗಂಡಸು ತರುತ್ತಿದ್ದ ಸೀರೆಯನ್ನು ಇವತ್ತು ಹೆಂಗಸು ತಂದಿದ್ದಾಳೆ. ಆಮೇಲೆ ಸೀರೆ ಮಡಚುತ್ತ, "ನಂಗ್ ಹಸ್ರ್ ಬಣ್ಣ ಆತಿಲ್ಲೆ ಅಂದ್ ಅವ್ರಿಗ್ ಹೇಳಿ" ಅಂದಳು.

"ಹೇಳ್ತೆ" ಅಂದಳು ಅಬ್ಬಿ.

ಮುಂದಿನ ವರ್ಷ ಕೆಂಪು ಬಂತು. ದಾರಕ್ಕ ಮುದುಕಿಯಾಗಿ, ಅದೇ ದೊಡ್ಡ ಕುಂಕುಮ ಇಟ್ಟುಕೊಂಡು ಸತ್ತಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ಅಂತ ನಾನು ಭಾಸ್ಕರನ ಹತ್ತಿರ ಎಷ್ಟೋ ಶುಕ್ರವಾರ ವಾದ ಮಾಡಿದ್ದೇನೆ. ಅವನು ಗೊತ್ತಿರಲಿಲ್ಲ ಅನ್ನುತ್ತಾನೆ. ಗೊತ್ತಿದ್ದರೆ ಅಷ್ಟು ವರ್ಷ ಹೇಗೆ ಇರುತ್ತಾಳೆ ಅಕ್ಕ, ಹುಚ್ಚು ಹಿಡಿಯುತ್ತಿತ್ತು ಅಂತ. ಅವನಿಗೆ ಸಾಸಿವೆ ಮೂಗಿಗೆ ಹಾಕಿಕೊಂಡದ್ದು ಮಾತ್ರ ನೆನಪು, ಅದೂ ನಾನು ಹೇಳಿ.

ಇಲ್ಲಿಗೆ ಬಂದ ಮೊದಲ ವರ್ಷ ವನಿತಾ ನನ್ನನ್ನು ಬರ್ ದುಬೈಗೆ ಕರೆದುಕೊಂಡು ಹೋಗಿ ಕ್ರೀಕ್ ತೋರಿಸಿದಳು. ಮರದ ದೊಡ್ಡ ದೊಡ್ಡ ಹಡಗುಗಳು ಫ್ರಿಜ್ಜು, ಟಯರು ಹೇರಿಕೊಂಡು ನಿಂತಿದ್ದವು. ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ಹೋದೆವು. ಸೋಮಣ್ಣ ಈ ನೀರಿನ ಹತ್ತಿರವೇ ಎಲ್ಲೋ ಇದ್ದಾನೆ ಅಂತ ನೆನಪಾಯಿತು. ನಾನು ನೀರಿಗೆ ಹೂವು ಬಿಡುವವಳಲ್ಲ. ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅಷ್ಟೇ.

ಸರಿ, ಮೊನ್ನೆಯ ಗುರುವಾರ. ಪ್ಲಾಸ್ಟಿಕ್ ಚೀಲದ ಹೂವು ತಂದು ದೇವರಿಗಿಟ್ಟೆ. ವನಿತಾ ಬಂದು ನೋಡಿದಳು, ನಾನೇ ಇಳಿದು ಹೋಗಿದ್ದೆ ಅಂತ ತಿಳಿಯಿತು, ಅವಳ ಮುಖದ ರಕ್ತ ಇಳಿಯಿತು. ಕೈಕಾಲು ತೊಳೆದು ಬಾ, ಊಟಕ್ಕೆ ಬಡಿಸುತ್ತೇನೆ ಅಂದೆ.

ಮರುದಿನ ಶುಕ್ರವಾರ. ಸಂಜೆಯಾಯಿತು. ಫೋನು ಟೇಬಲಿನ ಮೇಲೆ ಬೋರಲು ಮಲಗಿತ್ತು. ವನಿತಾ ಚಾ ತಂದಳು. ಅದಿತಿ ಬಾಗಿಲ ಹತ್ತಿರ ನಿಂತಿದ್ದಳು, ಓದುವ ಹುಡುಗಿಗೆ ಅಲ್ಲಿ ಕೆಲಸ ಇರಲಿಲ್ಲ. ಭಾಸ್ಕರನ ಫೋನು ರಿಪೇರಿ ಆಯಿತಾ ಅಂತ ಕೇಳಿದೆ. ಇಲ್ಲಮ್ಮ, ಪಾರ್ಟು ಸಿಗುತ್ತಿಲ್ಲವಂತೆ.

ಸ್ವಲ್ಪ ಹೊತ್ತಿಗೆ ಅವಳೇ ಒಳಗೆ ಹೋಗಿ ಒಂದು ಬಾಟಲಿ ತಂದಳು. ಮಿಡಿ ಉಪ್ಪಿನಕಾಯಿ. ಭಾಸ್ಕರನ ಮನೆಯಲ್ಲಿ ಪ್ರತಿ ವರ್ಷ ಹಾಕುತ್ತಾರೆ, ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತಾನೆ, ಹಾರ್ಲಿಕ್ಸಿನ ಹಳೇ ಬಾಟಲಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ಇದು ಹೊಸ ಬಾಟಲಿ. ಲೇಬಲ್ ಕೆರೆದು ತೆಗೆದಿದ್ದರು. ಅಂಟು ಹೋಗಿರಲಿಲ್ಲ, ಬೆರಳಿಗೆ ಹತ್ತಿತು. ಈ ಕೆಂಪು ಮುಚ್ಚಳ ನಾನು ಮುನೀರ್ ಸಾಹೇಬರ ಗ್ರೋಸರಿಯಲ್ಲಿ, ಅಕ್ಕಿ ಚೀಲದ ಮೇಲಿನ ಶೆಲ್ಫಿನಲ್ಲಿ, ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಹದಿನಾಲ್ಕು ದಿರ್ಹಮ್.

"ಮಾವ ಕಳಿಸಿದ್ದು" ಅಂದಳು. ಐವತ್ತೈದು ವರ್ಷದ ಹೆಂಗಸು, ಬ್ಯಾಂಕಿನಲ್ಲಿ ಇಪ್ಪತ್ತು ಜನರ ಮೇಲೆ ಅಧಿಕಾರ ಮಾಡುವವಳು, ಪೆಟ್ಟು ಬೀಳುತ್ತದೋ ಏನೋ ಅನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು.

ಭಾಸ್ಕರ ಹೇಳಿದ್ದು ತಪ್ಪು. ಗೊತ್ತಿದ್ದರೂ ಹುಚ್ಚು ಹಿಡಿಯುವುದಿಲ್ಲ.

ನಾನು ಮುಚ್ಚಳ ತೆಗೆದೆ, ಒಂದು ಮಿಡಿ ತೆಗೆದು ಬಾಯಿಗೆ ಹಾಕಿ ಕಚ್ಚಿದೆ. ಬೀಜದವರೆಗೂ ಕಚ್ಚಿದೆ. ನುಂಗಿದ ಮೇಲೆ ಹೇಳಿದೆ.

"ಈ ಸಲ ಉಪ್ಪು ಜಾಸ್ತಿಯಾಗಿದೆ ಅಂತ ಅವನಿಗೆ ಹೇಳು."

"ಹೇಳ್ತೇನಮ್ಮ" ಅಂದಳು ವನಿತಾ.